ವಿಪಿಎನ್ ಇಲ್ಲದೆ ಆಫೀಸಿನ ವೆಬ್ ಆ್ಯಪ್ ಹೊರಗಿನಿಂದ ಬಳಸುವುದು ಹೇಗೆ? ಮೊದಲು ಬೀಗ, ಆಮೇಲೆ ಬಾಗಿಲು

"ಆಫೀಸಿನ ಸರ್ವರ್‌ನಲ್ಲಿ ಸ್ಟಾಕ್, ಬಿಲ್ಲಿಂಗ್ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್ ಓಡ್ತಿದೆ. ಸೇಲ್ಸ್‌ನವರು ಹೊರಗಿನಿಂದ ಸ್ಟಾಕ್ ನೋಡಬೇಕು. ವಿಪಿಎನ್ ಕೊಟ್ಟರೆ ಅರ್ಧ ಜನಕ್ಕೆ ಕನೆಕ್ಟ್ ಆಗಲ್ಲ. ರೂಟರ್‌ನಲ್ಲಿ ಪೋರ್ಟ್ ಓಪನ್ ಮಾಡಿಬಿಡಲಾ?"

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ತುಂಬ ಜನ ಕೇಳಿದ್ದೀರಿ. ಮೊದಲು ಕೊನೆಯ ಸಾಲಿಗೆ ಉತ್ತರ: ಬೇಡ, ದಯವಿಟ್ಟು ಪೋರ್ಟ್ ಓಪನ್ ಮಾಡಬೇಡಿ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ರೂಟರ್‌ನಲ್ಲಿ ಒಂದು ಕಿಂಡಿ ತೆಗೆದು, ಹೊರಗಿನಿಂದ ಬಂದವರನ್ನೆಲ್ಲ ನೇರವಾಗಿ ಸರ್ವರ್ ಮುಂದೆ ತಂದು ನಿಲ್ಲಿಸುವುದು. ಇಂಥ ಕಿಂಡಿಗಳನ್ನು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಇಂಟರ್ನೆಟ್ ಸುತ್ತುತ್ತಿರುತ್ತವೆ. ನಿಮ್ಮದು ಚಿಕ್ಕ ಕಂಪನಿ ಅನ್ನುವುದು ಅವಕ್ಕೆ ಲೆಕ್ಕಕ್ಕೇ ಇಲ್ಲ.

ವಿಪಿಎನ್, ಅಂದರೆ ಹೊರಗಿನ ಕಂಪ್ಯೂಟರನ್ನು ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಗುಪ್ತ ದಾರಿ, ಇದಕ್ಕಿಂತ ಎಷ್ಟೋ ವಾಸಿ. ಆದರೆ ಅದರ ತೊಂದರೆ ಬೇರೆ. ಸ್ಟಾಕ್ ನೋಡಲು ಬಂದವರಿಗೆ ಮಾಮೂಲಿ ವಿಪಿಎನ್ ಇಡೀ ಆಫೀಸಿನ ನೆಟ್‌ವರ್ಕನ್ನೇ ತೆರೆದಿಡುತ್ತದೆ. ಜಗುಲಿಯಲ್ಲಿ ಕೂತು ಮಾತಾಡಿ ಹೋಗುವವರಿಗೆ ಉಗ್ರಾಣದ ಕೀಲಿಯನ್ನೂ ಕೊಟ್ಟ ಹಾಗೆ. ಅವರ ಲ್ಯಾಪ್‌ಟಾಪ್‌ನಲ್ಲಿ ವೈರಸ್ ಇದ್ದರೆ ಅದೂ ಜೊತೆಗೇ ಒಳಗೆ ಬರುತ್ತದೆ.

ಈ ತೊಂದರೆ ದೊಡ್ಡವರಿಗೂ ಕಾಡಿದೆ. 2009ರಲ್ಲಿ ಗೂಗಲ್ ಮೇಲೆ ದೊಡ್ಡ ಸೈಬರ್ ದಾಳಿ ನಡೆಯಿತು. ಆ ಬಳಿಕ ಅವರು ತಮ್ಮ ನೌಕರರಿಗೆ ವಿಪಿಎನ್ ಇಲ್ಲದೆ ಕೆಲಸ ಮಾಡುವ ವ್ಯವಸ್ಥೆ ಕಟ್ಟಿಕೊಂಡರು. ಅದೇ ಬಿಯಾಂಡ್‌ಕಾರ್ಪ್. 2014ರಲ್ಲಿ ಅದರ ವಿವರವನ್ನು ಲೋಕಕ್ಕೆ ತಿಳಿಸಿದರು. ಇದರ ಹಿಂದಿರುವ ವಿಚಾರಕ್ಕೆ ಇವತ್ತು ಎಲ್ಲರೂ ಹೇಳುವ ಹೆಸರು ಝೀರೋ ಟ್ರಸ್ಟ್. ಆಫೀಸಿನ ಒಳಗಿದ್ದಾರೆ ಎಂದ ಮಾತ್ರಕ್ಕೆ ಯಾರನ್ನೂ ನಂಬಬೇಡಿ, ಪ್ರತಿ ಆ್ಯಪ್‌ನ ಬಾಗಿಲಲ್ಲೂ "ನೀವು ಯಾರು" ಎಂದು ಕೇಳಿ, ಇಷ್ಟೇ ಅದರ ಸಾರ.

ಇದನ್ನು ಸಣ್ಣ ಕಂಪನಿಯೂ ಮಾಡಿಕೊಳ್ಳಬಹುದು. ನಾನು ಇಲ್ಲಿ ಹೇಳುವುದು ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಸೇವಾ ಕಂಪನಿಯ ಕ್ಲೌಡ್‌ಫ್ಲೇರ್ ಟನಲ್ ಮತ್ತು ಕ್ಲೌಡ್‌ಫ್ಲೇರ್ ಆಕ್ಸೆಸ್ ಎಂಬ ಜೋಡಿಯ ಬಗ್ಗೆ. ಕಾರಣ ಸರಳ: 50 ಜನರವರೆಗೆ ಉಚಿತ ಪ್ಲಾನ್ ಇದೆ, ಮತ್ತು ಸ್ಟಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಬೇಕಿಲ್ಲ. ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳು ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ ಕೆಲಸವನ್ನೇ ಮಾಡುವುದಿಲ್ಲ. ಟನಲ್‌ಗೆ ಆ ತಲೆನೋವಿಲ್ಲ. ನಿಮ್ಮ ಆ್ಯಪ್ ಗೂಗಲ್ ಕ್ಲೌಡ್‌ನಲ್ಲೇ ಇದ್ದರೆ ಅವರದೇ ಐಡೆಂಟಿಟಿ ಅವೇರ್ ಪ್ರಾಕ್ಸಿ ನೋಡಿ. ಇಡೀ ಕಂಪನಿ ಮೈಕ್ರೋಸಾಫ್ಟ್ ಮೇಲೆ ನಿಂತಿದ್ದರೆ ಎಂಟ್ರಾ ಅಪ್ಲಿಕೇಶನ್ ಪ್ರಾಕ್ಸಿ ನೋಡಿ, ಅದಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು.

ಇದು ಕೆಲಸ ಮಾಡುವ ಬಗೆ

ನಿಮ್ಮ ಸರ್ವರ್‌ನಲ್ಲಿ ಕ್ಲೌಡ್‌ಫ್ಲೇರ್-ಡಿ ಎಂಬ ಪುಟ್ಟ ಪ್ರೋಗ್ರಾಂ ಕೂರುತ್ತದೆ. ಅದು ಒಳಗಿನಿಂದ ಹೊರಕ್ಕೆ, ಕ್ಲೌಡ್‌ಫ್ಲೇರ್‌ನ ಡೇಟಾ ಸೆಂಟರ್‌ಗಳಿಗೆ ತಾನೇ ಕನೆಕ್ಷನ್ ಹಾಕಿಕೊಂಡು ಕಾಯುತ್ತಿರುತ್ತದೆ. ಇದೇ ಟನಲ್, ಅಂದರೆ ಸುರಂಗ. ಹೊರಗಿನಿಂದ ಒಳಕ್ಕೆ ಒಂದು ಕಿಂಡಿಯೂ ತೆರೆಯುವುದಿಲ್ಲ.

ಸೇಲ್ಸ್‌ನವರು ಬ್ರೌಸರ್‌ನಲ್ಲಿ ಆ್ಯಪ್‌ನ ವಿಳಾಸ ಹಾಕಿದಾಗ ಮೊದಲು ಸಿಗುವುದು ಆಕ್ಸೆಸ್ ಎಂಬ ಕಾವಲುಗಾರ. "ನೀವು ಯಾರು? ಈ ಆ್ಯಪ್‌ಗೆ ನಿಮಗೆ ಅನುಮತಿ ಇದೆಯಾ?" ಎಂದು ಕೇಳಿ, ಸರಿ ಇದ್ದರೆ ಮಾತ್ರ ಸುರಂಗದೊಳಗೆ ಬಿಡುತ್ತಾನೆ. ಅಪರಿಚಿತರಿಗೆ ನಿಮ್ಮ ಆ್ಯಪ್‌ನ ಲಾಗಿನ್ ಪೇಜ್ ಕೂಡ ಕಾಣುವುದಿಲ್ಲ. ಹಳೇ ಸಾಫ್ಟ್‌ವೇರ್ ಇಟ್ಟುಕೊಂಡವರಿಗೆ ಇದು ದೊಡ್ಡ ರಕ್ಷಣೆ.

ಒಂದು ವಿಷಯ ಮುಚ್ಚಿಡಬಾರದು. ಬ್ರೌಸರ್‌ನಿಂದ ಬರುವ ಎನ್‌ಕ್ರಿಪ್ಷನ್, ಅಂದರೆ ಗುಪ್ತಲಿಪಿಯ ಮುಸುಕು, ಕ್ಲೌಡ್‌ಫ್ಲೇರ್‌ನಲ್ಲಿ ಬಿಚ್ಚಿಕೊಂಡು ಮತ್ತೆ ಹೊಸದಾಗಿ ಕಟ್ಟಲ್ಪಡುತ್ತದೆ. ನಡುವೆ ಇನ್ನೊಂದು ಕಂಪನಿಯನ್ನು ನಂಬುತ್ತಿದ್ದೀರಿ ಎಂದೇ ಅರ್ಥ. ರೋಗಿಗಳ ದಾಖಲೆ, ಬ್ಯಾಂಕಿನ ಮಾಹಿತಿ ಇಟ್ಟುಕೊಂಡವರು ಮೊದಲು ತಮ್ಮ ಆಡಿಟರ್ ಹತ್ತಿರ ಮಾತಾಡಿ.

ಏನೇನು ಬೇಕು?

ಸ್ವಂತ ಡೊಮೈನ್ ಹೆಸರು, ಮತ್ತು ಅದನ್ನು ಕೊಂಡ ಕಡೆಯ ಲಾಗಿನ್. ಕ್ಲೌಡ್‌ಫ್ಲೇರ್ ಖಾತೆ. ಸರ್ವರ್‌ನಲ್ಲಿ ಅಡ್ಮಿನ್ ಹಕ್ಕು. ಉಚಿತ ಪ್ಲಾನ್ ಆರಿಸಿದರೂ ಕಾರ್ಡ್ ವಿವರ ಕೇಳಬಹುದು, ಅದನ್ನೂ ಹತ್ತಿರ ಇಟ್ಟುಕೊಳ್ಳಿ. ಆ್ಯಪ್ ಬ್ರೌಸರ್‌ನಲ್ಲಿ ತೆರೆಯುವಂಥದ್ದಾಗಿರಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ, ಡೆಸ್ಕ್‌ಟಾಪ್‌ನಲ್ಲೇ ಓಡುವ ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಈ ವಿಧಾನ ಹೊಂದುವುದಿಲ್ಲ.

ಮೆನುಗಳ ಹೆಸರು, ಜಾಗ ಆಗಾಗ ಬದಲಾಗುತ್ತವೆ. ಹಾಗಾಗಿ ಬಟನ್‌ಗಿಂತ ಕೆಲಸದ ಕ್ರಮವನ್ನು ನೆನಪಿಡಿ. ಕೆಳಗಿನ ಉದಾಹರಣೆಗಳಲ್ಲಿ ವಿಳಾಸ "ಸ್ಟಾಕ್ ಡಾಟ್ ಕಂಪನಿ ಡಾಟ್ ಇನ್" ಎಂದು ಇಟ್ಟುಕೊಳ್ಳೋಣ.

ಹಂತ 1: ಡೊಮೈನನ್ನು ಕ್ಲೌಡ್‌ಫ್ಲೇರ್‌ಗೆ ತನ್ನಿ

ಖಾತೆಯಲ್ಲಿ ಡೊಮೈನ್ ಸೇರಿಸಿದರೆ ಎರಡು ನೇಮ್‌ಸರ್ವರ್ ಹೆಸರು ಕೊಡುತ್ತಾರೆ. ನೇಮ್‌ಸರ್ವರ್ ಅಂದರೆ ನಿಮ್ಮ ಡೊಮೈನ್‌ನ ವಿಳಾಸ ಪುಸ್ತಕ ಎಲ್ಲಿದೆ ಎಂದು ಹೇಳುವ ಗುರುತು. ಡೊಮೈನ್ ಕೊಂಡ ಕಡೆ ಹೋಗಿ ಹಳೆಯದನ್ನು ತೆಗೆದು ಇವನ್ನು ಹಾಕಬೇಕು.

ಇಲ್ಲೇ ಸ್ವಲ್ಪ ನಿಲ್ಲಿ. ಹೆಚ್ಚು ಜನ ಎಡವುವ ಜಾಗ ಇದು. ಮಾಡಲು ಹೊರಟಿದ್ದು ಸ್ಟಾಕ್ ಆ್ಯಪ್, ಕೆಟ್ಟು ಕೂತಿದ್ದು ಇಡೀ ಕಂಪನಿಯ ಇಮೇಲ್! ಕ್ಲೌಡ್‌ಫ್ಲೇರ್ ಹಳೆಯ ರೆಕಾರ್ಡ್‌ಗಳನ್ನು ತಾನೇ ಹುಡುಕಿ ತರುತ್ತದೆ ನಿಜ, ಆದರೆ ಎಲ್ಲವೂ ಸಿಕ್ಕೇ ಸಿಗುತ್ತವೆ ಎನ್ನುವ ಹಾಗಿಲ್ಲ. ಹಳೇ ಕಡೆಯ ಡಿಎನ್‌ಎಸ್ ಪುಟದ, ಅಂದರೆ ಆ ವಿಳಾಸ ಪುಸ್ತಕದ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪಕ್ಕಪಕ್ಕ ಇಟ್ಟು ಒಂದೊಂದೇ ಸಾಲು ಹೋಲಿಸಿ. ಎಮ್ಎಕ್ಸ್ ರೆಕಾರ್ಡ್, ಅಂದರೆ ಮೇಲ್ ಎಲ್ಲಿಗೆ ಹೋಗಬೇಕು ಎನ್ನುವ ಸಾಲು, ಇರಲೇಬೇಕು. ಎಸ್‌ಪಿಎಫ್, ಡಿಕಿಮ್ ಎಂಬ ರೆಕಾರ್ಡ್‌ಗಳೂ, ಅಂದರೆ ಮೇಲ್ ನಿಜವಾಗಿ ನಿಮ್ಮದೇ ಎಂದು ತೋರಿಸುವ ಸಾಲುಗಳೂ, ಇರಬೇಕು. ಇವು ತಪ್ಪಿದರೆ ನೀವು ಕಳಿಸಿದ ಮೇಲ್ ಗ್ರಾಹಕರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ, ಮತ್ತು ಅದು ನಿಮಗೆ ಗೊತ್ತಾಗಲು ದಿನಗಟ್ಟಲೆ ಬೇಕು. ಮೇಲ್ ಸರ್ವರ್ ಸ್ವಂತದ್ದಾಗಿದ್ದರೆ ಅದರ ರೆಕಾರ್ಡ್ ಪಕ್ಕದ ಮೋಡದ ಚಿತ್ರ ಕಿತ್ತಳೆ ಬಣ್ಣದಲ್ಲಿ (ಅಂದರೆ ಕ್ಲೌಡ್‌ಫ್ಲೇರ್ ಮೂಲಕ ಹಾದುಹೋಗುವಂತೆ) ಇರಬಾರದು, ಬೂದು ಇರಬೇಕು.

ಹಳೇ ಕಡೆ ಡಿಎನ್‌ಎಸ್‌ಸೆಕ್, ಅಂದರೆ ವಿಳಾಸ ಪುಸ್ತಕಕ್ಕೆ ಹಾಕುವ ಡಿಜಿಟಲ್ ಸಹಿ, ಆನ್ ಇದ್ದರೆ ನೇಮ್‌ಸರ್ವರ್ ಬದಲಿಸುವ ಮುಂಚೆಯೇ ಆಫ್ ಮಾಡಿ. ಇಲ್ಲದಿದ್ದರೆ ನಿಮ್ಮ ಡೊಮೈನ್ ತುಂಬ ಜನಕ್ಕೆ ತೆರೆಯುವುದೇ ಇಲ್ಲ. ಇಷ್ಟೆಲ್ಲ ಆದ ಮೇಲೆ ಶನಿವಾರ ಸಂಜೆಯಂಥ ಹೊತ್ತು ನೋಡಿ ಬದಲಾಯಿಸಿ. ತಿಂಗಳ ಕೊನೆಯ ಬಿಲ್ಲಿಂಗ್ ದಿನ ಬೇಡ.

ಹಂತ 2: ಟೀಮ್ ಹೆಸರು ಮತ್ತು ಲಾಗಿನ್ ವಿಧಾನ

ಝೀರೋ ಟ್ರಸ್ಟ್ ವಿಭಾಗ ತೆರೆದಾಗ ಒಂದು ಟೀಮ್ ಹೆಸರು ಕೇಳುತ್ತದೆ. ಸುಮ್ನೆ ಏನೋ ಒಂದು ಹಾಕಬೇಡಿ. ಲಾಗಿನ್ ಪುಟದ ವಿಳಾಸ ಈ ಹೆಸರಿನಿಂದಲೇ ಆಗುವುದು. ಮುಂದೆ ಬದಲಿಸಿದರೆ ಗೂಗಲ್ ಅಥವಾ ಮೈಕ್ರೋಸಾಫ್ಟ್ ಜೊತೆ ಮಾಡಿಕೊಂಡ ಜೋಡಣೆಯನ್ನೂ ತಿದ್ದಬೇಕು.

ಜನ ತಮ್ಮ ಗುರುತು ತೋರಿಸಲು ಎರಡು ದಾರಿ ಇವೆ. ಒಂದು, ಇಮೇಲ್‌ಗೆ ಬರುವ ಒಂದು ಬಾರಿಯ ಕೋಡ್. ಸುಲಭ, ಕೂಡಲೇ ಶುರು ಮಾಡಬಹುದು, ಕೋಡ್ 10 ನಿಮಿಷ ನಡೆಯುತ್ತದೆ. ಇನ್ನೊಂದು, ಕಂಪನಿಯ ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದಲೇ ಲಾಗಿನ್. ನಿಮ್ಮಲ್ಲಿ ಇದು ಇದ್ದರೆ ಇದನ್ನೇ ಮಾಡಿ, ಮತ್ತು ಎಲ್ಲರಿಗೂ ಟೂ-ಸ್ಟೆಪ್ ವೆರಿಫಿಕೇಶನ್ ಕಡ್ಡಾಯ ಮಾಡಿ. ಕೆಲಸ ಬಿಟ್ಟವರ ಖಾತೆಯನ್ನು ಒಂದೇ ಕಡೆ ಮುಚ್ಚಿದರೆ ಅವರು ಹೊಸದಾಗಿ ಲಾಗಿನ್ ಆಗಲಾರರು ಎನ್ನುವುದು ಇದರ ದೊಡ್ಡ ಲಾಭ. ಕೋಡ್ ವಿಧಾನದಲ್ಲಿ ಸ್ವಂತ ಜಿಮೇಲ್ ವಿಳಾಸಗಳನ್ನು ಸೇರಿಸುತ್ತಾ ಹೋದರೆ, ವರ್ಷದ ಬಳಿಕ ಯಾವುದು ಯಾರದು ಎಂದು ಯಾರಿಗೂ ನೆನಪಿರುವುದಿಲ್ಲ.

ಹಂತ 3: ಸರ್ವರ್‌ನಲ್ಲಿ ಟನಲ್ ಹಾಕಿ

ಟನಲ್ ವಿಭಾಗದಲ್ಲಿ ಹೊಸ ಟನಲ್ ಮಾಡಿ, ಹೆಸರು ಕೊಡಿ, ನಿಮ್ಮ ಸರ್ವರ್ ವಿಂಡೋಸೋ ಲಿನಕ್ಸೋ ಆರಿಸಿ. ಪರದೆ ಮೇಲೆ ಒಂದು ಉದ್ದನೆಯ ಕಮಾಂಡ್ ಬರುತ್ತದೆ. ಅದನ್ನು ಕಾಪಿ ಮಾಡಿ ಸರ್ವರ್‌ನಲ್ಲಿ ಓಡಿಸಿ. ವಿಂಡೋಸ್‌ನಲ್ಲಾದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು, ಇಲ್ಲದಿದ್ದರೆ ಸರ್ವಿಸ್ ಆಗಿ ಕೂರುವುದಿಲ್ಲ. ಸರ್ವಿಸ್ ಆಗಿ ಕೂತರೆ ಕರೆಂಟ್ ಹೋಗಿ ಬಂದರೂ ತಾನಾಗಿ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಟನಲ್ ಆರೋಗ್ಯವಾಗಿದೆ ಎಂಬ ಹಸಿರು ಗುರುತು ಕಾಣಬೇಕು.

ಆ ಕಮಾಂಡ್‌ನ ಬಾಲದಲ್ಲಿ ಅರ್ಥವಿಲ್ಲದ ಅಕ್ಷರಗಳ ಉದ್ದ ಸಾಲು ಇದೆಯಲ್ಲ, ಅದು ಟೋಕನ್. ಅದು ಸಿಕ್ಕವರು ನಿಮ್ಮ ಟನಲನ್ನು ತಮ್ಮ ಕಂಪ್ಯೂಟರ್‌ನಲ್ಲಿ ಓಡಿಸಬಹುದು. ಪಾಸ್‌ವರ್ಡ್‌ನಷ್ಟೇ ಜೋಪಾನ ಮಾಡಿ. ವಾಟ್ಸಾಪ್ ಗುಂಪಿಗೆ ಹಾಕಿ "ಇದು ವರ್ಕ್ ಆಗ್ತಿಲ್ಲ, ನೋಡಿ" ಎಂದು ಕೇಳಬೇಡಿ. ಈಗಾಗಲೇ ಹಾಕಿದ್ದರೆ ಟೋಕನ್ ಬದಲಿಸಿ.

ಹಸಿರು ಗುರುತು ಬರದಿದ್ದರೆ ಆಫೀಸಿನ ಫೈರ್‌ವಾಲ್ ನೋಡಿ. ಹೊರಕ್ಕೆ ಹೋಗುವ 7844 ಪೋರ್ಟ್ ತೆರೆದಿರಬೇಕು. ಹೊರಕ್ಕೆ ಮಾತ್ರ, ಒಳಕ್ಕಲ್ಲ.

ಹಂತ 4: ಮೊದಲು ಬೀಗ

ಎಲ್ಲೆಡೆ ಸಿಗುವ ವಿಡಿಯೋಗಳಲ್ಲಿ ಮೊದಲು ಆ್ಯಪನ್ನು ಹೊರಗೆ ತೆರೆದು, ಆಮೇಲೆ ಲಾಗಿನ್ ಕಾವಲು ಹಾಕುವುದನ್ನು ತೋರಿಸುತ್ತಾರೆ. ನಡುವೆ ಒಂದು ಫೋನ್ ಬಂತು, ಊಟದ ಹೊತ್ತಾಯಿತು, ಕಾವಲು ಹಾಕುವುದು ಮರೆತೇ ಹೋಯಿತು. ಆ್ಯಪ್ ಲೋಕಕ್ಕೆಲ್ಲ ತೆರೆದು ಕೂತಿರುತ್ತದೆ. ಟನಲ್ ಒಂದೇ ಇದ್ದರೆ ರಕ್ಷಣೆ ಇಲ್ಲ, ಅದು ಬರೀ ದಾರಿ. ಆದ್ದರಿಂದ ಕ್ರಮ ತಿರುಗಿಸಿ.

ಆಕ್ಸೆಸ್ ವಿಭಾಗದಲ್ಲಿ ಸೆಲ್ಫ್-ಹೋಸ್ಟೆಡ್ ಬಗೆಯ ಅಪ್ಲಿಕೇಶನ್ ಸೇರಿಸಿ. ಮುಂದೆ ಬಳಸಲಿರುವ ವಿಳಾಸವನ್ನು ಈಗಲೇ ಕೊಡಿ. ನಂತರ ಪಾಲಿಸಿ, ಅಂದರೆ ಯಾರನ್ನು ಬಿಡಬೇಕು ಎನ್ನುವ ನಿಯಮ ಬರೆಯಬೇಕು. ಯಾವ ನಿಯಮಕ್ಕೂ ಹೊಂದದವರನ್ನು ಆಕ್ಸೆಸ್ ತಾನಾಗಿ ತಡೆಯುತ್ತದೆ.

ನಿಯಮದಲ್ಲಿ ಮೂರು ಪದ ಬರುತ್ತವೆ. ಇನ್‌ಕ್ಲೂಡ್, ರಿಕ್ವೈರ್, ಎಕ್ಸ್‌ಕ್ಲೂಡ್. ಇವುಗಳ ಅರ್ಥ ಸರಿಯಾಗಿ ತಿಳಿಯದೆ ಮುಂದೆ ಹೋಗಲೇಬೇಡಿ. ಇನ್‌ಕ್ಲೂಡ್‌ನಲ್ಲಿ ಹಾಕಿದ್ದೆಲ್ಲ "ಇದು ಅಥವಾ ಅದು". ರಿಕ್ವೈರ್‌ನಲ್ಲಿ ಹಾಕಿದ್ದು "ಇದೂ ಇರಲೇಬೇಕು". ಎಕ್ಸ್‌ಕ್ಲೂಡ್ ಅಂದರೆ "ಇವರನ್ನು ಬಿಟ್ಟು".

ಹತ್ತಿರದಿಂದ ನೋಡೋಣ. ನಿಮಗೆ ಬೇಕಿದ್ದು ಇಷ್ಟು: ಕಂಪನಿಯ ಇಮೇಲ್ ಇರುವವರು, ಅದೂ ಭಾರತದೊಳಗಿಂದ ಮಾತ್ರ. ಇನ್‌ಕ್ಲೂಡ್‌ನಲ್ಲಿ ಕಂಪನಿ ಇಮೇಲ್ ಎಂದು ಹಾಕಿದಿರಿ. ಅದರ ಕೆಳಗೇ, ಇನ್‌ಕ್ಲೂಡ್‌ನಲ್ಲೇ, ದೇಶ ಭಾರತ ಎಂದು ಸೇರಿಸಿದಿರಿ. ನೋಡಲು ಎರಡೂ ಸಾಲು ಅಚ್ಚುಕಟ್ಟಾಗಿ ಕಾಣುತ್ತವೆ. ಆದರೆ ಅದರ ಅರ್ಥ "ಕಂಪನಿ ಇಮೇಲ್ ಇರುವವರು ಅಥವಾ ಭಾರತದಲ್ಲಿರುವ ಯಾರೇ ಆಗಲಿ" ಎಂದಾಯಿತು. ದೇಶದಲ್ಲಿರುವ ಯಾರು ಬೇಕಾದರೂ ತಮ್ಮ ಇಮೇಲ್ ಕೊಟ್ಟು, ಕೋಡ್ ತರಿಸಿಕೊಂಡು ಒಳಗೆ ಬರಬಹುದು! ದೇಶದ ಸಾಲನ್ನು ರಿಕ್ವೈರ್‌ಗೆ ಹಾಕಬೇಕಿತ್ತು. ನಿಯಮ ಬರೆದ ಮೇಲೆ ಅದನ್ನು "ಅಥವಾ", "ಮತ್ತು" ಸೇರಿಸಿ ಒಮ್ಮೆ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಕಿವಿಗೆ ಗೊತ್ತಾಗುತ್ತದೆ.

ಬೈಪಾಸ್ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಅದು ಹೆಸರೇ ಹೇಳುವ ಹಾಗೆ ಕಾವಲನ್ನೇ ತೆಗೆಯುತ್ತದೆ. ಪರೀಕ್ಷೆಗೆ ಅಂತ ಹಾಕಿ ಹಾಗೇ ಬಿಡಬೇಡಿ.

ಸೆಷನ್ ಅವಧಿ, ಅಂದರೆ ಒಮ್ಮೆ ಲಾಗಿನ್ ಆದರೆ ಎಷ್ಟು ಹೊತ್ತು ನಡೆಯಬೇಕು, ಮಾಮೂಲಾಗಿ 24 ಗಂಟೆ ಇರುತ್ತದೆ. ಸ್ಟಾಕ್ ನೋಡುವ ಆ್ಯಪ್‌ಗೆ ಸಾಕು. ಸಂಬಳ, ಬ್ಯಾಂಕ್ ಇರುವ ಆ್ಯಪ್‌ಗೆ ಇನ್ನೂ ಕಡಿಮೆ ಮಾಡಿ.

ಹಂತ 5: ಈಗ ಬಾಗಿಲು

ಟನಲ್‌ಗೆ ಮರಳಿ, ಹಂತ 4ರಲ್ಲಿ ಕೊಟ್ಟ ಅದೇ ವಿಳಾಸ ಸೇರಿಸಿ. ಒಂದು ಅಕ್ಷರ ಬೇರೆಯಾದರೂ ಬೀಗ ಒಂದು ಬಾಗಿಲಿಗೆ, ತೆರೆದದ್ದು ಇನ್ನೊಂದು ಬಾಗಿಲು ಎಂದಾಗುತ್ತದೆ. ಆ್ಯಪ್ ಸರ್ವರ್‌ನಲ್ಲಿ ಎಲ್ಲಿದೆ ಎಂದು ಕೇಳುವ ಜಾಗದಲ್ಲಿ ಲೋಕಲ್‌ಹೋಸ್ಟ್ (ಅಂದರೆ ಇದೇ ಯಂತ್ರ) ಎನ್ನುವ ಬದಲು 127.0.0.1 ಎಂದೇ ಬರೆದು ಪೋರ್ಟ್ ಸಂಖ್ಯೆ ಕೊಡಿ, ಉದಾಹರಣೆಗೆ 8080. ಕೆಲವು ಯಂತ್ರಗಳಲ್ಲಿ ಲೋಕಲ್‌ಹೋಸ್ಟ್ ಎಂದರೆ ಐಪಿವಿ6 ಎಂಬ ಹೊಸ ಬಗೆಯ ವಿಳಾಸಕ್ಕೆ ಹೋಗಿ, ಆ್ಯಪ್ ಅಲ್ಲಿ ಇರದೆ 502 ಎರರ್ ಬರುತ್ತದೆ.

ವಿಳಾಸದಲ್ಲಿ ಡೊಮೈನ್‌ಗೆ ಮುಂಚೆ ಒಂದೇ ಪದ ಇರಲಿ. "ಸ್ಟಾಕ್ ಡಾಟ್ ಕಂಪನಿ ಡಾಟ್ ಇನ್" ಸರಿ. "ಸ್ಟಾಕ್ ಡಾಟ್ ಹುಬ್ಬಳ್ಳಿ ಡಾಟ್ ಕಂಪನಿ ಡಾಟ್ ಇನ್" ಎಂದರೆ ಉಚಿತ ಸರ್ಟಿಫಿಕೇಟ್ ಅಷ್ಟು ಆಳಕ್ಕೆ ಬರುವುದಿಲ್ಲ, ಬ್ರೌಸರ್ ತೆರೆಯಲು ಒಪ್ಪುವುದಿಲ್ಲ. ಶಾಖೆ ಹೆಸರು ಬೇಕೇ ಬೇಕಿದ್ದರೆ ಹೈಫನ್ ಹಾಕಿ ಒಂದೇ ಪದ ಮಾಡಿ.

ಇದೇ ಪುಟದ ಹೆಚ್ಚಿನ ಸೆಟ್ಟಿಂಗ್‌ನಲ್ಲಿ, ಆಕ್ಸೆಸ್ ಕೊಟ್ಟ ಟೋಕನ್ (ಲಾಗಿನ್ ಆದವರಿಗೆ ಸಿಗುವ ಚೀಟಿ, ಹಂತ 3ರ ಟೋಕನ್ ಅಲ್ಲ) ಪರೀಕ್ಷಿಸಿಯೇ ಒಳಗೆ ಬಿಡು ಎನ್ನುವ ಆಯ್ಕೆ ಇದೆ. ಅದನ್ನು ಆನ್ ಮಾಡಿ. ನಾಳೆ ಯಾರಾದರೂ ಹಂತ 4ರ ಅಪ್ಲಿಕೇಶನನ್ನು ಕೈತಪ್ಪಿ ಅಳಿಸಿದರೂ ಟನಲ್ ಯಾರನ್ನೂ ಬಿಡುವುದಿಲ್ಲ. ಆ್ಯಪ್ ನಿಂತುಹೋಗಿ ನಿಮಗೆ ಫೋನ್ ಬರುತ್ತದೆ, ಆದರೆ ಬಾಗಿಲು ತೆರೆದು ಕೂರುವುದಿಲ್ಲ. ಈ ಆಯ್ಕೆಯನ್ನು ತುಂಬ ಜನ ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಇದು ಇಲ್ಲದೆ ಕೆಲಸ ಮುಗಿದಂತಲ್ಲ.

ಇಆರ್‌ಪಿನೆಕ್ಸ್ಟ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ಒಂದೇ ಸರ್ವರ್‌ನಲ್ಲಿ ಹಲವು ಸೈಟ್ ಇರಬಹುದು, ಬಂದ ವಿಳಾಸದ ಹೆಸರು ನೋಡಿ ಯಾವ ಸೈಟ್ ಎಂದು ತೀರ್ಮಾನಿಸುತ್ತದೆ. ಹೊರಗಿನ ಹೆಸರು ಬೇರೆ, ಸೈಟ್‌ನ ಹೆಸರು ಬೇರೆ ಆಗಿದ್ದರೆ ಸೈಟ್ ಸಿಗಲಿಲ್ಲ ಎನ್ನುತ್ತದೆ. ಟನಲ್ ಸೆಟ್ಟಿಂಗ್‌ನ ಹೋಸ್ಟ್ ಹೆಡರ್ ಜಾಗದಲ್ಲಿ ಸೈಟ್‌ನ ಹೆಸರು ಕೊಟ್ಟರೆ ಸರಿಯಾಗುತ್ತದೆ.

ಹಂತ 6: ಮೊಬೈಲ್ ಡೇಟಾದಿಂದ ಪರೀಕ್ಷಿಸಿ

ಆಫೀಸಿನ ವೈಫೈ ಆಫ್ ಮಾಡಿ. ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ವಿಳಾಸ ತೆರೆಯಿರಿ. ಮೊದಲು ಅನುಮತಿ ಇರುವ ಇಮೇಲ್, ಆಮೇಲೆ ಅನುಮತಿ ಇಲ್ಲದ ಇಮೇಲ್ ಹಾಕಿ ನೋಡಿ. ಎರಡನೆಯದೇ ಮುಖ್ಯ ಪರೀಕ್ಷೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಅನುಮತಿ ಇಲ್ಲದ ಇಮೇಲ್ ಹಾಕಿದರೂ ಪುಟ "ಕೋಡ್ ಕಳಿಸಿದ್ದೇವೆ" ಎಂದೇ ಹೇಳುತ್ತದೆ, ಆದರೆ ಕೋಡ್ ಬರುವುದಿಲ್ಲ. ಯಾರ ಹೆಸರು ಪಟ್ಟಿಯಲ್ಲಿದೆ ಎಂದು ಹೊರಗಿನವರಿಗೆ ಗೊತ್ತಾಗಬಾರದು ಅಂತಲೇ ಹೀಗೆ ಮಾಡಿದ್ದಾರೆ. ಹಾಗಾಗಿ ನಿಮ್ಮವರು "ಕೋಡ್ ಬರ್ತಿಲ್ಲ ಸಾರ್" ಎಂದರೆ ಮೊದಲು ಪಾಲಿಸಿಯಲ್ಲಿ ಅವರ ಇಮೇಲ್‌ನ ಕಾಗುಣಿತ ನೋಡಿ, ನಂತರ ಸ್ಪ್ಯಾಮ್ ಪೆಟ್ಟಿಗೆ.

ಎರರ್ ಸಂಖ್ಯೆಗಳೂ ದಾರಿ ತೋರಿಸುತ್ತವೆ. 1033 ಬಂದರೆ ಸರ್ವರ್‌ನಲ್ಲಿ ಕ್ಲೌಡ್‌ಫ್ಲೇರ್-ಡಿ ಓಡುತ್ತಿಲ್ಲ, ಅಥವಾ ಆಫೀಸಿನ ಇಂಟರ್ನೆಟ್ ಹೋಗಿದೆ. 502 ಬಂದರೆ ಟನಲ್ ಸರಿ ಇದೆ, ಆ್ಯಪ್ ಸಿಗುತ್ತಿಲ್ಲ. 524 ಬಂದರೆ ಆ್ಯಪ್ ಉತ್ತರ ಕೊಡಲು ತುಂಬ ಹೊತ್ತು ತೆಗೆದುಕೊಂಡಿದೆ, ವರ್ಷದ ರಿಪೋರ್ಟ್ ತೆಗೆಯುವಾಗ ಹೀಗಾಗುತ್ತದೆ. ಉಚಿತ ಪ್ಲಾನ್‌ನಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಫೈಲ್ ಅಪ್‌ಲೋಡ್ ಆಗುವುದಿಲ್ಲ ಎನ್ನುವುದೂ ಗೊತ್ತಿರಲಿ.

ಹಂತ 7: ಆ್ಯಪ್‌ನ ಒಳಗೂ ಒಮ್ಮೆ ನೋಡಿ

ಈಗ ಹೊರಗಿನವರೆಲ್ಲ ಟನಲ್ ಮೂಲಕ ಬರುವುದರಿಂದ ಆ್ಯಪ್‌ಗೆ ಎಲ್ಲರೂ 127.0.0.1 ವಿಳಾಸದವರ ಹಾಗೆ, ಅಂದರೆ ಸರ್ವರ್ ಮುಂದೆಯೇ ಕೂತವರ ಹಾಗೆ ಕಾಣುತ್ತಾರೆ. ಕೆಲವು ಆ್ಯಪ್‌ಗಳು ಈ ವಿಳಾಸದಿಂದ ಬಂದವರಿಗೆ ಪಾಸ್‌ವರ್ಡ್ ಇಲ್ಲದೆ ಅಡ್ಮಿನ್ ಹಕ್ಕು ಕೊಡುತ್ತವೆ. ನಿಮ್ಮದರಲ್ಲಿ ಅಂಥ ಸೆಟ್ಟಿಂಗ್ ಇದ್ದರೆ ತೆಗೆಯಿರಿ. ಆ್ಯಪ್‌ನ ಸ್ವಂತ ಲಾಗಿನ್ ಇರಲೇಬೇಕು, ಆಕ್ಸೆಸ್ ಬಂತೆಂದು ಅದನ್ನು ತೆಗೆಯಬೇಡಿ.

ಪೇಮೆಂಟ್ ಗೇಟ್‌ವೇ, ವಾಟ್ಸಾಪ್ ಮೆಸೇಜ್ ಸೇವೆಯಂಥವು ನಿಮ್ಮ ಆ್ಯಪ್‌ಗೆ ತಾವಾಗಿ ಮಾಹಿತಿ ಕಳಿಸುತ್ತಿದ್ದರೆ ಇನ್ನು ಮುಂದೆ ಕಾವಲಿನಲ್ಲಿ ನಿಂತುಹೋಗುತ್ತವೆ. ಅವು ಇಮೇಲ್ ಕೋಡ್ ಹಾಕಲಾರವಲ್ವಾ? ಹಾಗೆಂದು ಇಡೀ ಆ್ಯಪ್‌ಗೆ ಬೈಪಾಸ್ ಕೊಡಬೇಡಿ. ಮಾಹಿತಿ ಬರುವ ಆ ಒಂದು ಪುಟದ ವಿಳಾಸಕ್ಕೆ ಮಾತ್ರ ಬೇರೆ ಅಪ್ಲಿಕೇಶನ್ ಮಾಡಿ, ಅದಕ್ಕೆ ಮಾತ್ರ ವಿನಾಯಿತಿ ಕೊಡಿ. ಟೋಕನ್ ಪರೀಕ್ಷೆ ಆನ್ ಮಾಡಿದ್ದೀರಲ್ಲ, ಈ ಪುಟಕ್ಕೆ ಟನಲ್‌ನಲ್ಲೂ ಬೇರೆ ಸಾಲು ಬೇಕು, ಅದರಲ್ಲಿ ಆ ಆಯ್ಕೆ ಆಫ್ ಇರಬೇಕು. ಕಳಿಸಿದವರು ನಿಜವಾಗಿ ಅವರೇ ಎಂದು ಸಹಿ ಪರೀಕ್ಷಿಸುವ ವ್ಯವಸ್ಥೆ ಆ್ಯಪ್‌ನಲ್ಲಿ ಇರಲಿ.

ಆಫೀಸಿನೊಳಗೆ ಕೂತವರು ಹಳೇ ಲೋಕಲ್ ವಿಳಾಸದಿಂದಲೇ ಕೆಲಸ ಮಾಡಲಿ ಎಂಬುದು ನನ್ನ ಸಲಹೆ. ಅವರನ್ನೂ ಟನಲ್ ಮೂಲಕ ಕಳಿಸಿದರೆ ಭದ್ರತೆ ಜಾಸ್ತಿ, ನಿಜ. ಆದರೆ ಕೇಬಲ್ ಕಡಿದ ದಿನ ಗೋಡೌನ್‌ನಲ್ಲಿ ಒಂದು ಬಿಲ್ಲೂ ಆಗುವುದಿಲ್ಲ.

ಹಂತ 8: ಲಾಗ್, ಅಪ್‌ಡೇಟ್, ಕೆಲಸ ಬಿಟ್ಟವರು

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಕಂಪನಿಗಳು ತಮ್ಮ ಸಿಸ್ಟಮ್‌ಗಳ ಲಾಗ್, ಅಂದರೆ ಯಾರು ಯಾವಾಗ ಬಂದರು ಎನ್ನುವ ದಾಖಲೆಯನ್ನು, 180 ದಿನ ಇಟ್ಟುಕೊಳ್ಳಬೇಕು. ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಉಚಿತ ಪ್ಲಾನ್‌ನಲ್ಲಿ ಕ್ಲೌಡ್‌ಫ್ಲೇರ್ ಅಷ್ಟು ದಿನ ಲಾಗ್ ಇಡುವುದಿಲ್ಲ. ನಿಮ್ಮ ಸರ್ವರ್‌ನಲ್ಲೇ ಉಳಿಸಿಕೊಳ್ಳುವ ಏರ್ಪಾಡು ಮಾಡಿ.

ವಿಂಡೋಸ್‌ನಲ್ಲಿ ಕ್ಲೌಡ್‌ಫ್ಲೇರ್-ಡಿ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ತಿಂಗಳಿಗೊಮ್ಮೆ ಕೈಯಾರೆ ಮಾಡಿ.

ಯಾರಾದರೂ ಕೆಲಸ ಬಿಟ್ಟರೆ ಅವರ ಖಾತೆ ಮುಚ್ಚುವುದರ ಜೊತೆಗೆ ಝೀರೋ ಟ್ರಸ್ಟ್‌ನ ಬಳಕೆದಾರರ ಪಟ್ಟಿಗೆ ಹೋಗಿ ಅವರ ಸೆಷನ್ ರದ್ದು ಮಾಡಿ. ಬರೀ ಖಾತೆ ಮುಚ್ಚಿದರೆ, ಬೆಳಿಗ್ಗೆ ಲಾಗಿನ್ ಆಗಿದ್ದವರು ಸೆಷನ್ ಮುಗಿಯುವ ತನಕ ಒಳಗೇ ಇರುತ್ತಾರೆ.

ಹಂತ 9: ಹಳೇ ಕಿಂಡಿ ಮುಚ್ಚಿ

ಒಂದು ವಾರ ಎಲ್ಲರೂ ಹೊಸ ದಾರಿಯಲ್ಲಿ ಬಳಸಲಿ. ತೊಂದರೆ ಇಲ್ಲ ಎಂದಾದ ಮೇಲೆ ರೂಟರ್‌ಗೆ ಹೋಗಿ ಹಿಂದೆ ತೆರೆದಿದ್ದ ಪೋರ್ಟ್ ಫಾರ್ವರ್ಡಿಂಗ್ ಸಾಲುಗಳನ್ನೆಲ್ಲ ಅಳಿಸಿ. ಈ ಆ್ಯಪ್‌ಗಾಗಿಯೇ ಕೊಟ್ಟಿದ್ದ ವಿಪಿಎನ್ ಖಾತೆಗಳನ್ನೂ ತೆಗೆಯಿರಿ. ಇದನ್ನು ಮುಂದಕ್ಕೆ ಹಾಕಿದರೆ ಮೇಲೆ ಮಾಡಿದ ಕೆಲಸವೆಲ್ಲ ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರೆದೇ ಇದೆ ಎಂಬಂತೆ.

ಅಳಿಸಿದ ಮೇಲೆ ಮೊಬೈಲ್ ಡೇಟಾದಿಂದ ಹಳೇ ಐಪಿ ವಿಳಾಸ ಮತ್ತು ಪೋರ್ಟ್ ಹಾಕಿ ತೆರೆದು ನೋಡಿ. ಪುಟ ಸುತ್ತುತ್ತಲೇ ಇದ್ದು ಕೊನೆಗೆ ತೆರೆಯದಿದ್ದರೆ ಕೆಲಸ ಮುಗಿಯಿತು. ತೆರೆದುಕೊಂಡರೆ ರೂಟರ್‌ನಲ್ಲಿ ಇನ್ನೂ ಒಂದು ಸಾಲು ಉಳಿದಿದೆ, ಆ್ಯಪ್‌ಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಎನ್ನುವ ಸೆಟ್ಟಿಂಗ್ ಆನ್ ಇದೆಯಾ ಎಂದು ಅಲ್ಲೇ ನೋಡಿ.